ಡಾಂಬರಿನ ಅಂಚಿನಲ್ಲಿ ಇಪ್ಪತ್ತೈದು ನಿಮಿಷ

ಸೆಪ್ಟೆಂಬರ್ 14, ಭಾನುವಾರ

ಈ ಪುಸ್ತಕ ಕೊಟ್ಟವನು ನನ್ನ ಅಣ್ಣ ದಖೀಲ್. ಅವನ ಹಳೆಯ ಜೀಪಿನ ಬೀಗದ ಕೈ ಜೊತೆಗೇ ಕೊಟ್ಟ. "ಇದ್ರಲ್ಲಿ ದಿನಾ ಕಿಲೋಮೀಟರ್ ಬರಿ, ಟಯರಿನ ಗಾಳಿ ಬರಿ, ಆಯಿಲ್ ಯಾವಾಗ ಬದಲಾಯಿಸಿದ್ದು ಬರಿ. ಬೇರೆ ಏನೂ ಬರೀಬೇಡ" ಎಂದ. ಬೇರೆಯದನ್ನೇ ಬರೆಯುತ್ತೇನೆ. ಹೇಗೂ ಅವನು ಓದುವವನಲ್ಲ, ಅವನು ಕೊನೆಯದಾಗಿ ಓದಿದ್ದು ಶಾಲೆಯ ಪಠ್ಯವನ್ನು.

ಹತ್ತು ದಿನದ ಹಿಂದೆ, ಗುರುವಾರ, ನಾನು ಪಾಠ ಮಾಡುವ ಶಾಲೆಯಿಂದ ಬರುವಾಗ ನಮ್ಮ ಡ್ರೈವರ್ ಅಬೂ ಸಯ್ಯಾಹನ ಜೀಪಿನ ಹಿಂದಿನ ಟಯರ್ ಒಡೆಯಿತು. ಜೀಪು ಎರಡು ಸುತ್ತು ಮಗುಚಿ ರಸ್ತೆಯಾಚೆ ಬಿತ್ತು. ನನಗೆ ಮೊಣಕೈ ತರಚಿತು, ಅಷ್ಟೇ. ಅವನ ಹಣೆ ಒಡೆಯಿತು. ಹಿಂದಿನ ಸೀಟಿನಲ್ಲಿ ಮಲಗಿದ್ದ, ನನ್ನ ಜೊತೆ ಪಾಠ ಮಾಡುವ ಫಿಲ್ವಾಳ ಸೊಂಟದ ಮೂಳೆ, ಬಲತೊಡೆ ಎರಡೂ ಮುರಿದವು. ತೊಡೆಯೊಳಗೆ ಸಲಾಕೆ ಇಟ್ಟಿದ್ದಾರೆ. ಮೊದಲಿನ ಹಾಗೆ ನಡೆಯುತ್ತಾಳೆ ಎಂದು ಯಾವ ಡಾಕ್ಟರೂ ಬಾಯಿಬಿಟ್ಟು ಹೇಳಿಲ್ಲ.

ನಾವಿರುವ ಹಾಯಿಲ್ ಪೇಟೆಯಿಂದ ನಮ್ಮ ಶಾಲೆಗೆ ನೂರ ಮೂವತ್ತು ಕಿಲೋಮೀಟರ್. ಕೊನೆಯ ಹನ್ನೊಂದು ಕಿಲೋಮೀಟರ್ ಬರೀ ಮರಳು. ಮರಳಿಗೆ ಇಳಿಯುವಾಗ ಟಯರಿನ ಗಾಳಿ ಅರ್ಧ ಬಿಡಬೇಕು, ಇಲ್ಲದಿದ್ದರೆ ಜೀಪು ಹೂತುಹೋಗುತ್ತದೆ. ವಾಪಸು ಬಂದು ಡಾಂಬರು ಹತ್ತುವ ಮುಂಚೆ ಮತ್ತೆ ತುಂಬಬೇಕು, ಇಲ್ಲದಿದ್ದರೆ ಟಯರ್ ಕಾದು ಒಡೆಯುತ್ತದೆ. ನಮ್ಮಲ್ಲಿ ಹಲ್ಲು ಬಾರದ ಕೂಸಿಗೂ ಇದು ಗೊತ್ತು. ಆರು ವರ್ಷದಿಂದ ನನ್ನನ್ನೂ ಫಿಲ್ವಾಳನ್ನೂ ಕರೆದೊಯ್ಯುತ್ತಿದ್ದ ಆ ಮುದುಕನಿಗೆ ಗೊತ್ತಿರಲಿಲ್ಲವೇ? ಪೊಲೀಸರ ಮುಂದೆ ಒಂದೇ ಪದ ಹೇಳಿದನಂತೆ: ಮರೆತೆ.

ಮನೆಗೆ ಬಂದವರದೆಲ್ಲ ಒಂದೇ ರಾಗ, ದೇವರು ಬರೆದದ್ದು. ಕೇಳಿ ಕೇಳಿ ಮೈ ಉರಿಯುತ್ತದೆ. ಟಯರಿಗೆ ಗಾಳಿ ತುಂಬುವ ಕೆಲಸವನ್ನು ದೇವರು ಮನುಷ್ಯನ ಕೈಗೆ ಕೊಟ್ಟಿದ್ದಾನೆ.

ಇನ್ನು ಯಾವ ಡ್ರೈವರನ್ನೂ ನಾನು ನಂಬುವುದಿಲ್ಲ. ಇವತ್ತು ನಾನೇ ಓಡಿಸಿಕೊಂಡು ಹೋದೆ. ಲೈಸೆನ್ಸ್ ತೆಗೆದುಕೊಂಡು ಏಳು ವರ್ಷವಾದರೂ ಪೇಟೆ ಬಿಟ್ಟು ಆಚೆ ಓಡಿಸಿರಲಿಲ್ಲ. ಫಿಲ್ವಾಳ ಜಾಗಕ್ಕೆ ಬಂದಿರುವ ಅಥೀರ್ ಎಂಬ ಹುಡುಗಿ ಪಕ್ಕದಲ್ಲಿ ಕೂತು ನೂರ ಮೂವತ್ತು ಕಿಲೋಮೀಟರೂ ದೇವರ ನಾಮ ಹೇಳಿಕೊಂಡಳು. ಬಾನೆಟ್ ತೆಗೆಯುವ ಹಿಡಿ ಎಲ್ಲಿದೆ ಎಂದು ಹುಡುಕಲು ನನಗೆ ಹತ್ತು ನಿಮಿಷ ಬೇಕಾಯಿತು.

ಗಾಳಿ: 33, 35, 30, 34. ದಖೀಲ್‌ಗೆ ಖುಷಿಯಾಗಲಿ.

ಸೆಪ್ಟೆಂಬರ್ 16, ಮಂಗಳವಾರ

ಸಂಜೆ ಬರುವ ದಾರಿಯಲ್ಲಿ ಯೆಮೆನ್ ದೇಶದ ಮುಸ್ಲಿಹನ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ ಗಾಳಿ ಅಳೆಯಲು ಹೇಳಿದೆ. ಅವನು ಕೈಯೇ ಮುಂದೆ ಮಾಡಲಿಲ್ಲ.

"ಈಗ ಅಳೆದು ಏನು ಪ್ರಯೋಜನ ಅಕ್ಕಾ? ಇಷ್ಟು ದೂರ ಓಡಿ ಬಂದಿದೆ, ಒಳಗಿನ ಗಾಳಿ ಕಾದಿದೆ. ಜಾಸ್ತಿನೇ ತೋರಿಸುತ್ತೆ. ಬೆಳಿಗ್ಗೆ ಹೊರಡೋಕೆ ಮುಂಚೆ, ಟಯರ್ ತಣ್ಣಗಿರುವಾಗ ಅಳೀರಿ. ಆಗ ತೋರಿಸೋದೇ ನಿಜ."

ಅಂದರೆ ನಾನು ಭಾನುವಾರ ಮನೆಗೆ ಬಂದ ಕೂಡಲೇ ಅಳೆದು ಬರೆದದ್ದೆಲ್ಲ ಸುಳ್ಳು. ಗಣಿತ ಕಲಿಸುವ ನಾನು ತಪ್ಪು ಅಂಕಿ ಬರೆದೆ. 

ಆಮೇಲೆ ಅವನು ಟಯರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ತೋರಿಸಿದ. ಮೊದಲೆರಡು ವಾರ, ಕೊನೆಯೆರಡು ವರ್ಷ, ಟಯರ್ ಹುಟ್ಟಿದ ದಿನ ಅದು. ಐದು ವರ್ಷ ದಾಟಿದರೆ ಈ ಬಿಸಿಲಿಗೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಮೇಲಿನ ಕಚ್ಚು ಎಷ್ಟೇ ಆಳವಿದ್ದರೂ ಲೆಕ್ಕಕ್ಕಿಲ್ಲ ಎಂದ. ಓಡುವ ನಾಲ್ಕೂ ಪರವಾಗಿಲ್ಲ. ಸ್ಟೆಪ್ನಿ ಮಾತ್ರ ಹನ್ನೆರಡು ವರ್ಷ ಹಳೆಯದು. ಅಲ್ಲಿಂದಲೇ ದಖೀಲ್‌ಗೆ ಫೋನ್ ಮಾಡಿದೆ.

"ಅದು ಯಾವತ್ತೂ ನೆಲ ಮುಟ್ಟಿಲ್ಲ ಕಣೆ, ಹೊಸದೇ ಅದು" ಎಂದ.

"ಹನ್ನೆರಡು ವರ್ಷ ಫ್ರಿಜ್ಜಲ್ಲಿಟ್ಟು ಯಾರೂ ಕುಡೀದೇ ಇರೋ ಹಾಲೂ ಹೊಸದೇನಾ ಅಣ್ಣಾ?"

"ನಿನ್ನ ಮದುವೆ ಆಗಿದ್ದವನು ಎರಡೇ ವರ್ಷಕ್ಕೆ ಯಾಕೆ ಓಡಿಹೋದ ಅಂತ ಈಗ ಗೊತ್ತಾಯ್ತು" ಎಂದು ಫೋನ್ ಇಟ್ಟ.

ಈಗ ಅರ್ಥವಾಯಿತು. ಅಬೂ ಸಯ್ಯಾಹನ ಟಯರೂ ಹೀಗೇ ಯಾವುದೋ ಕಾಲದ್ದಿರಬೇಕು. ಜಿಪುಣ. ಗಾಳಿ ತುಂಬುವಾಗ ನಾವು ಬೇಗ ಬೇಗ ಎಂದರೆ ದೊಡ್ಡ ಪಂಡಿತನಂತೆ ಹೇಳುತ್ತಿದ್ದ: "ಟಯರಿಗೆ ಕಿವಿ ಇಲ್ಲ ಮಗಳೇ, ಬೇಗ ಅಂದ್ರೆ ಅದಕ್ಕೆ ಕೇಳ್ಸಲ್ಲ." ಕಿವಿ ಇಲ್ಲದ ಟಯರಿಗೆ ವಯಸ್ಸಾದದ್ದು ಈ ಪಂಡಿತನಿಗೆ ಕಾಣಲಿಲ್ಲ. ನಾಳೆ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳುತ್ತೇನೆ.

ಸೆಪ್ಟೆಂಬರ್ 18, ಗುರುವಾರ

ಫಿಲ್ವಾಳನ್ನು ನೋಡಿಬಂದೆ. ಮನೆಗೆ ತಂದು ಹಜಾರದಲ್ಲೇ ಮಂಚ ಹಾಕಿದ್ದಾರೆ. ತಿರುಗಿ ಮಲಗಬೇಕಾದರೂ ಇಬ್ಬರು ಬೇಕು. ಅವಳ ಗಂಡ ಸಅದೂನ್, ಪರ ಹೆಂಗಸಿನ ಮುಂದೆ ಬರಬಾರದೆಂದು, ಬಾಗಿಲಾಚೆಯಿಂದಲೇ ನನಗೆ ಕೇಳುವಂತೆ ಹೇಳಿದ, "ಆ ಮುದುಕ ಜೈಲು ನೋಡ್ಬೇಕು. ನಿಮ್ಮ ಹೇಳಿಕೆ ಒಂದು ಗಟ್ಟಿಯಾಗಿದ್ರೆ ಸಾಕು ಟೀಚರ್." ಗಟ್ಟಿಯಾಗಿಯೇ ಇರುತ್ತದೆ ಎಂದೆ.

ಮಂಚದ ಪಕ್ಕ ಒಂದು ಪಾತ್ರೆಯಲ್ಲಿ ಗೋಧಿ ಗಂಜಿ ಇತ್ತು. ಅಬೂ ಸಯ್ಯಾಹನ ಹೆಂಡತಿ ದಿನವೂ ಕಳಿಸುತ್ತಾಳಂತೆ. ಫಿಲ್ವಾ ಅದನ್ನು ತಿನ್ನುತ್ತಾಳೆ. ನನ್ನ ಸಿಟ್ಟು ನೆತ್ತಿಗೇರಿತು.

"ನಿನ್ನ ಕಾಲು ಮುರಿದವನ ಮನೆ ಗಂಜಿ ಅದು."

"ಚೆನ್ನಾಗಿದೆ ಕಣೆ. ನಮ್ಮತ್ತೆ ಮಾಡೋದಕ್ಕಿಂತ ಚೆನ್ನಾಗಿದೆ" ಎಂದಳು. ಆಮೇಲೆ ಪಾತ್ರೆ ಪಕ್ಕಕ್ಕೆ ಸರಿಸಿ, "ಒಂದು ಮಾತ್ರ ನಂಗೆ ಅರ್ಥ ಆಗ್ತಿಲ್ಲ ತರ್ಫಾ. ನಾನು ಮರಳಲ್ಲಿ ನಿದ್ದೆ ಹೋಗ್ತೀನಿ, ಡಾಂಬರು ಬಂದಾಗ ಆ ಗಾಳಿ ಮಿಷನ್ ಸದ್ದಿಗೆ ಎದ್ದು ಎಲ್ಲರಿಗೂ ಬೈತೀನಿ. ಆರು ವರ್ಷದಿಂದ ಅದೇ. ಅವತ್ತು ಸದ್ದೇ ಆಗ್ಲಿಲ್ವಲ್ಲ. ಅವರು ನಿಲ್ಲಿಸ್ಲೇ ಇಲ್ವಾ?"

"ಮರೆತನಂತೆ."

"ಹೆಂಗೆ ಮರೀತಾರೆ?"

ನನಗೇನು ಗೊತ್ತು, ಅವನನ್ನೇ ಕೇಳು ಎಂದು ಎದ್ದು ಬಂದೆ. ಕಾಯಿಲೆಯವರ ಹತ್ತಿರ ಹಾಗೆ ಮಾತಾಡಬಾರದಿತ್ತು.

ಸೆಪ್ಟೆಂಬರ್ 23, ಮಂಗಳವಾರ

ರಜೆ. ಅಂಗಳದಲ್ಲಿ ಚಕ್ರ ಬದಲಾಯಿಸುವುದನ್ನು ಕಲಿತೆ. ಹೊಸ ಸ್ಟೆಪ್ನಿ ಬಂದಿದೆ. ದಖೀಲ್ ಕುರ್ಚಿ ಹಾಕಿಕೊಂಡು ಕೂತು ಖರ್ಜೂರ ತಿನ್ನುತ್ತ ಅಪ್ಪಣೆ ಕೊಡಿಸಿದ. ಮರಳಲ್ಲಾದರೆ ಜಾಕಿನ ಕೆಳಗೆ ಹಲಗೆ ಇಡಬೇಕು. ಜೀಪು ಎತ್ತುವ ಮುಂಚೆಯೇ ನಟ್ಟುಗಳನ್ನು ಸಡಿಲ ಮಾಡಬೇಕು, ಎತ್ತಿದ ಮೇಲೆ ತಿರುಗಿಸಲು ಹೋದರೆ ಚಕ್ರವೇ ತಿರುಗುತ್ತದೆ. ನಾನು ಎತ್ತಿದ ಮೇಲೆಯೇ ತಿರುಗಿಸಿದೆ. ಅವನು ನಕ್ಕ ನಗುವಿಗೆ ಪಕ್ಕದ ಮನೆಯವರು ಮಹಡಿ ಹತ್ತಿ ನೋಡಿದರು. ಬಿಗಿಯುವಾಗ ಒಂದರ ಪಕ್ಕ ಒಂದು ಬಿಗಿಯಬಾರದು, ಎದುರುಬದುರು ಬಿಗಿಯಬೇಕು. ಅದನ್ನು ಮೊದಲ ಸಲವೇ ಸರಿ ಮಾಡಿದೆ. ಆಗ ಅವನು ಇನ್ನೊಂದು ಖರ್ಜೂರ ಬಾಯಿಗೆ ಹಾಕಿಕೊಂಡ.

ಬೆವರಿಗೆ ಕಣ್ಣು ಉರಿಯುತ್ತಿತ್ತು. ಕೈಯೆಲ್ಲ ಕಪ್ಪು.

"ಹಿಂಗೇ ಅಬೂ ಸಯ್ಯಾಹ್ ಬಿಸಿಲಲ್ಲಿ ನಿಂತು ಗಾಳಿ ತುಂಬೋನು" ಎಂದ ದಖೀಲ್. "ದಿನಾ ಇಪ್ಪತ್ತೈದು ನಿಮಿಷ. ನಾಲ್ಕು ಚಕ್ರ. ನೀವು ಒಳಗೆ ಏಸಿ ಹಾಕ್ಕೊಂಡು ಹಾರ್ನ್ ಹೊಡೀತಿದ್ರಿ, ಅಲ್ವಾ?"

"ನಾನು ಹಾರ್ನ್ ಹೊಡೆದಿಲ್ಲ."

"ನಾನು ತಮಾಷೆಗೆ ಅಂದೆ."

ನಟ್ಟು ತಿರುಗಿಸುವ ಪಾನಾವನ್ನು ನೆಲಕ್ಕೆ ಎಸೆದೆ. ಅದು ಪುಟಿದು ನನ್ನ ಕಾಲಿಗೇ ಬಿತ್ತು.

ಸೆಪ್ಟೆಂಬರ್ 25, ಗುರುವಾರ

ಸಂಚಾರ ಪೊಲೀಸ್ ಠಾಣೆಯಿಂದ ಫೋನ್. ಅಕ್ಟೋಬರ್ 8ಕ್ಕೆ ನನ್ನ ಹೇಳಿಕೆ. ಡ್ರೈವರ್ ಗಾಳಿ ತುಂಬಿಸಲು ಮರೆತ ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕಂತೆ.

ಸೆಪ್ಟೆಂಬರ್ 30, ಮಂಗಳವಾರ

ಮುಂದಿನ ಎಡಗಡೆ ಟಯರ್ ಒಳಅಂಚಿನಲ್ಲಿ ಮಾತ್ರ ಸವೆಯುತ್ತಿದೆ ಎಂದು ನಾನೇ ಕಂಡುಹಿಡಿದು ಮುಸ್ಲಿಹನ ಹತ್ತಿರ ಒಯ್ದೆ. ಚಕ್ರಗಳು ನೇರ ಇಲ್ಲ, ಸರಿಮಾಡಬೇಕು ಎಂದ. ಕಾಯುತ್ತ ಕೂತಾಗ ಗೋಡೆಗೆ ಒರಗಿಸಿಟ್ಟ ಒಡೆದ ಟಯರ್ ಕಂಡಿತು. ಒಂದು ಪಕ್ಕೆ ಪೂರ್ತಿ ಹರಿದು ಜೋತುಬಿದ್ದಿತ್ತು.

"ಅಬೂ ಸಯ್ಯಾಹಂದು" ಎಂದ ಮುಸ್ಲಿಹ್. "ಜೀಪು ಎಳ್ಕೊಂಡು ಬಂದಿದ್ದು ನಾನೇ. ಪೊಲೀಸರು ಫೋಟೋ ತಗೊಂಡು, ಇಲ್ಲೇ ಇಟ್ಕೋ ಅಂದ್ರು."

ನಾನು ಬಗ್ಗಿ ನಾಲ್ಕು ಅಂಕಿ ಹುಡುಕಿದೆ. ಮಣ್ಣು ಒರೆಸಿದೆ. ಇದೇ ವರ್ಷದ ಎರಡನೇ ವಾರ. ಕಚ್ಚು ಬೆರಳು ಹೂಳುವಷ್ಟು ಆಳ. ಸ್ಟಾಫ್ ರೂಮಿನಲ್ಲಿ ಹದಿನಾಲ್ಕು ಜನರ ಮುಂದೆ ನಾನು ಹೇಳಿದ್ದು ಬೇರೆ.

ಮುಸ್ಲಿಹ್ ಟಯರಿನೊಳಗೆ ಕೈಹಾಕಿ ಒಂದು ಹಿಡಿ ಕಪ್ಪು ಪುಡಿ ತೆಗೆದ. "ನೋಡಿ. ಗಾಳಿ ಕಡಿಮೆ ಇಟ್ಕೊಂಡು ಡಾಂಬರಲ್ಲಿ ಜೋರು ಓಡಿಸಿದ್ರೆ ಪಕ್ಕೆ ಮಡಿಚಿ ಮಡಿಚಿ ಒಳಗೇ ರುಬ್ಬಿ ಹಿಂಗೆ ಪುಡಿ ಆಗುತ್ತೆ. ಟಯರ್ ಏನೂ ತಪ್ಪು ಮಾಡಿಲ್ಲ."

"ಮರೆತನಂತಲ್ಲ" ಎಂದೆ.

ಅವನು ಪುಡಿಯನ್ನು ಕೆಳಗೆ ಸುರಿದು ಕೈ ಒರೆಸಿಕೊಂಡ. "ಆ ಮನುಷ್ಯ ಈ ಅಂಗಡಿಗೆ ಹನ್ನೊಂದು ವರ್ಷದಿಂದ ಬರ್ತಾನೆ ಅಕ್ಕಾ. ವಾಲ್ವಿನ ಮುಚ್ಚಳ ಒಂದು ಬಿದ್ದುಹೋದ್ರೆ ನಲವತ್ತು ಕಿಲೋಮೀಟರ್ ಹಿಂದಕ್ಕೆ ಹೋಗಿ ಹುಡುಕೋನು. ಅವನು ಊಟ ಮರೀಬಹುದು. ನಮಾಜು ಮರೀಬಹುದು, ದೇವರು ಕ್ಷಮಿಸಲಿ. ಗಾಳಿ ಮರೀತಾನಾ?"

ನಿನಗೆ ಟಯರ್ ಗೊತ್ತು, ಮನುಷ್ಯರ ಬಗ್ಗೆ ನಿನ್ನನ್ನು ಯಾರೂ ಕೇಳಿಲ್ಲ ಎಂದೆ. ಚಕ್ರ ಸರಿಮಾಡಿಸದೆ ಬಂದುಬಿಟ್ಟೆ.

ಅಕ್ಟೋಬರ್ 1, ಬುಧವಾರ

ಗಾಳಿ: 35, 35, 35, 35. ಆಯಿಲ್ ಸರಿಯಿದೆ. ರೇಡಿಯೇಟರ್ ನೀರು ಸರಿಯಿದೆ.

ಅಕ್ಟೋಬರ್ 2, ಗುರುವಾರ

ಇದನ್ನು ಒಂದೇ ಉಸಿರಿಗೆ ಬರೆದು ಮುಗಿಸುತ್ತೇನೆ.

ಶಾಲೆಯಿಂದ ಬರುವಾಗ ಮರಳು ದಾಟಿ ಡಾಂಬರಿನ ಅಂಚಿಗೆ ನಿಲ್ಲಿಸಿದೆ. ಗಾಳಿ ಮಿಷನ್ ಇಳಿಸಿದೆ. ಅಥೀರ್ ಕಿಟಕಿ ಇಳಿಸಿ ಹೇಳಿದಳು, "ಟೀಚರ್, ಇವತ್ತು ನನ್ನ ಅಕ್ಕನ ಮನೇಲಿ ಊಟ ಇದೆ. ಬಂಕ್ ಮೂವತ್ತೇ ಕಿಲೋಮೀಟರ್ ಅಲ್ವಾ, ಅಲ್ಲಿ ಹಾಕಿಸ್ಕೊಳ್ಳೋಣ. ಅಲ್ಲೀವರೆಗೂ ನಿಧಾನ ಹೋದ್ರಾಯ್ತು."

ಕೈಯಲ್ಲಿದ್ದ ಪೈಪು ಹಾಗೇ ನಿಂತಿತು. ಆಮೇಲೆ ನಾನು ಕಿರುಚಿದೆ. ಏನು ಕಿರುಚಿದೆ ಎಂದು ನೆನಪಿಲ್ಲ. ಆ ಹುಡುಗಿ ಅತ್ತಳು. ಜೀಪಿನಿಂದ ಇಳಿಸಿ ಅವಳ ಕೈಗೆ ಪೈಪು ಕೊಟ್ಟು, ನಾಲ್ಕೂ ಚಕ್ರಕ್ಕೆ ನೀನೇ ತುಂಬು ಎಂದೆ. ಬಿಕ್ಕುತ್ತಲೇ ತುಂಬಿದಳು. ನಾನು ಬಿಸಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದೆ.

ಅವಳು ಹೇಳಿದ್ದು ಪದಕ್ಕೆ ಪದ ನನ್ನದೇ ಮಾತು.

ಸೆಪ್ಟೆಂಬರ್ 4ರಂದು ದಖೀಲನ ಮಗಳ ನಿಶ್ಚಿತಾರ್ಥ ಇತ್ತು. ಐದು ಗಂಟೆಗೆ ಕೂದಲು ಸೆಟ್ ಮಾಡಿಸಿಕೊಳ್ಳಲು ಪಾರ್ಲರಿನಲ್ಲಿ ಹೆಸರು ಬರೆಸಿದ್ದೆ. ಅಬೂ ಸಯ್ಯಾಹ್ ಡಾಂಬರಿನ ಅಂಚಿಗೆ ನಿಲ್ಲಿಸಿದ. ಇಳಿದ. ಮಿಷನ್ ಹೊರಗೆ ತೆಗೆದ. ನಾನು ಕಿಟಕಿ ಇಳಿಸಿ, ಬಂಕ್ ಮೂವತ್ತೇ ಕಿಲೋಮೀಟರ್, ಅಲ್ಲಿ ಹಾಕಿಸೋಣ ಎಂದೆ. ಅವನು ಟಯರಿಗೆ ಕಿವಿ ಇಲ್ಲ ಎಂದು ಶುರುಮಾಡಿದ. ನಿಮ್ಮ ಟಯರಿನ ಪುರಾಣ ಸಾಕು, ನಾವೇನು ನಿಮ್ಮ ಒಂಟೆಗಳಲ್ಲ, ಆರು ವರ್ಷದಿಂದ ದಿನಾ ಇಪ್ಪತ್ತೈದು ನಿಮಿಷ ತಿಂದಿದ್ದೀರಿ, ನಡೀರಿ ಎಂದೆ. ಇನ್ನೂ ಕೆಟ್ಟದಾಗಿ ಹೇಳಿದೆ. ಅವನು ಮಿಷನ್ ಒಳಗಿಟ್ಟ. ಮೊದಲು ನಿಧಾನವೇ ಓಡಿಸಿದ. ಗಂಟೆ ಮೂರೂಮುಕ್ಕಾಲು ಎಂದು ನಾನು ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಅವನು ಕಾಲೊತ್ತಿದ. ಬಂಕಿಗೆ ಎಂಟು ಕಿಲೋಮೀಟರ್ ಇದ್ದಾಗ ಒಡೆಯಿತು.

ಫಿಲ್ವಾ ಮಲಗಿದ್ದಳು. ನಾನು ಮತ್ತು ಅವನು, ಇಬ್ಬರಿಗೇ ಗೊತ್ತು. ಅವನು ಮರೆತೆ ಎಂದ. ನಾನು ಹೌದು ಎಂದೆ. ಹೌದು ಎಂದು ಎಷ್ಟು ಸಲ ಹೇಳಿದೆನೆಂದರೆ ನನಗೇ ನಂಬಿಕೆ ಬಂದಿತ್ತು. ನನ್ನಂಥ ಹೇಡಿ ಈ ಊರಲ್ಲಿಲ್ಲ.

ಅಕ್ಟೋಬರ್ 4, ಶನಿವಾರ

ದಖೀಲನನ್ನು ಕರೆದುಕೊಂಡು ಅಬೂ ಸಯ್ಯಾಹರ ಮನೆಗೆ ಹೋದೆ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ. ಒಂದೇ ಒಂದು ತಮಾಷೆ ಮಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಮುದುಕರು ಅಂಗಳದಲ್ಲಿ ಕಾಫಿ ಕಾಯಿಸುತ್ತಿದ್ದರು. ಹಣೆಯ ಗಾಯ ಇನ್ನೂ ಕೆಂಪಗಿತ್ತು. ಕೂರಿ ಎಂದರು, ಕೂರಲಿಲ್ಲ.

"ಮರೆತೆ ಅಂತ ಯಾಕೆ ಹೇಳಿದ್ರಿ?"

"ಕಾಫಿ ತಗೊಳಮ್ಮ."

"ನಾನು ಕೇಳ್ತಿರೋದಕ್ಕೆ ಉತ್ತರ ಕೊಡಿ."

ಅವರು ಲೋಟ ಕೆಳಗಿಟ್ಟರು. "ಪೊಲೀಸ್ ಕಾಗದದಲ್ಲಿ ಪರರ ಮನೆ ಹೆಣ್ಣುಮಕ್ಕಳ ಹೆಸರು ಬರೆಸೋದಾ? ಆ ಕಾಗದ ಎಷ್ಟು ಜನರ ಕೈ ದಾಟುತ್ತೆ ಗೊತ್ತಾ? ನಮ್ಮಪ್ಪ ಹಂಗೆ ಮಾಡ್ಲಿಲ್ಲ, ನಾನೂ ಮಾಡಲ್ಲ. ನಿನ್ನ ಅಣ್ಣ ಇಲ್ಲೇ ಕೂತಿದ್ದಾನೆ, ಕೇಳು."

ದಖೀಲ್ ತಲೆ ತಗ್ಗಿಸಿದ. ಅಂದರೆ ಅವನಿಗೂ ಅದು ಸರಿ ಎನ್ನಿಸಿತ್ತು. ನನ್ನ ಸಿಟ್ಟು ಕೈಮೀರಿತು.

"ಈ ಉಪಕಾರ ಮಾಡಿ ಅಂತ ನಿಮ್ಮನ್ನ ಯಾರು ಕೇಳಿದ್ರು? ನನ್ನ ಹೆಸರು ಮುಚ್ಚಿಟ್ಟು ನೀವು ಜೈಲಿಗೆ ಹೋಗ್ತೀರಾ? ನಾನು ಒಂದು ತಿಂಗಳಿಂದ ಊರೆಲ್ಲ ನಿಮ್ಮನ್ನ ಬೈಕೊಂಡು ಬಂದಿದ್ದೀನಿ."

"ಗೊತ್ತು. ಟಯರ್ ಹಳೇದು ಅಂದ್ಯಂತೆ." ಈಗ ಅವರ ದನಿಯೂ ಏರಿತು. "ಅದೊಂದು ಮಾತು ಹೇಳಬಾರದಿತ್ತು ನೀನು. ಬೇರೆ ಏನಾದ್ರೂ ಅನ್ನು. ನನ್ನ ಜೀಪಿಗೆ ಹಳೇ ಟಯರ್ ಹಾಕಿದ್ದೆ ಅಂದ್ಯಲ್ಲ, ಮೂರು ದಿನ ನಂಗೆ ಊಟ ಸೇರ್ಲಿಲ್ಲ."

ಅವರು ಕಾಫಿ ಪಾತ್ರೆಯನ್ನು ಬೆಂಕಿಯಿಂದ ಕೆಳಗಿಳಿಸಿದರು.

"ಇನ್ನೊಂದು ಕೇಳಿಸ್ಕೋ. ನೀನು ಹೇಳಿದ್ದು ನಿನ್ನ ತಪ್ಪು. ನಾನು ಕೇಳಿದ್ದು ನನ್ನ ತಪ್ಪು. ಸ್ಟೀರಿಂಗ್ ನನ್ನ ಕೈಲಿತ್ತು, ನಿನ್ನ ಕೈಲಲ್ಲ. ನನ್ನ ಪಾಲಿಂದು ನಾನು ಒಪ್ಪಿಕೊಂಡಿದ್ದೀನಿ. ನಿಂದು ನೀನು ನೋಡ್ಕೋ, ಆದ್ರೆ ಠಾಣೇಲಿ ಬೇಡ."

ಹೊರಡುವಾಗ ನಮ್ಮ ಹಿಂದೆಯೇ ಬಾಗಿಲಿಗೆ ಬಂದರು. ಜೀಪಿನ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಎಡ ಚಕ್ರಕ್ಕೆ ಹಿಮ್ಮಡಿಯಿಂದ ಮೆಲ್ಲಗೆ ಒದ್ದು ಕಿವಿಗೊಟ್ಟರು. "ಇದ್ರಲ್ಲಿ ಎರಡು ಕಡಿಮೆ ಇದೆ. ವಾಲ್ವಿಗೆ ಮುಚ್ಚಳ ಇಲ್ಲ. ಮರಳು ಹೋಗುತ್ತೆ." ಒಳಗೆ ಹೋಗಿ ಒಂದು ಮುಚ್ಚಳ ತಂದು ತಾವೇ ತಿರುಗಿಸಿ ಹಾಕಿದರು. ಮನೆಗೆ ಬಂದು ಟಯರ್ ತಣಿದ ಮೇಲೆ ಅಳೆದೆ. 33.

ಅಕ್ಟೋಬರ್ 8, ಬುಧವಾರ

ಠಾಣೆಯಲ್ಲಿ ಹೇಳಿಕೆ ಆಗಲೇ ಟೈಪಾಗಿ ಸಿದ್ಧವಾಗಿತ್ತು. ಸಹಿ ಮಾತ್ರ ಬಾಕಿ. ಇದು ಸುಳ್ಳು, ನಾನೇ ಬರೆಯುತ್ತೇನೆ ಎಂದೆ. ಆ ಯುವಕ ಅಧಿಕಾರಿ ನನ್ನ ಮುಖ ನೋಡದೆ, ಬಹಳ ಮರ್ಯಾದೆಯಿಂದ, "ಅವರೇ ಒಪ್ಕೊಂಡಿದ್ದಾರಲ್ಲ ಟೀಚರ್. ನೀವ್ಯಾಕೆ ಸುಮ್ನೆ ನಿಮ್ಮ ಹೆಸರು ಇದ್ರೊಳಗೆ ಎಳ್ಕೊಳ್ತೀರಿ?" ಎಂದ.

"ಜೀಪೊಳಗೆ ಬಾಯಿ ಮಾಡಿದಾಗ ನನ್ನ ಹೆಸರು ಎಲ್ಲೂ ಹೋಗಿರ್ಲಿಲ್ಲ. ಕಾಗದ ಕೊಡಿ."

ಎರಡು ಪುಟ ಬರೆದೆ. ಪಾರ್ಲರ್, ಐದು ಗಂಟೆ, ಮೂರು ಸಲ ಗಂಟೆ ಹೇಳಿದ್ದು, ಎಲ್ಲ. ಕಡತ ಮತ್ತೆ ಮೇಲಕ್ಕೆ ಹೋಗುತ್ತದೆ, ಮುದುಕರ ಮೇಲಿನ ಭಾರ ಕಡಿಮೆಯಾಗಬಹುದು, ಎಷ್ಟು ಎಂದು ಈಗ ಹೇಳಲಾಗದು ಎಂದರು. ನನಗೆ ಏನಾಗುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಂದ ನೇರ ಫಿಲ್ವಾಳ ಮನೆಗೆ. ಬೇರೆಯವರು ಹೇಳುವ ಮುಂಚೆ ನಾನೇ ಹೇಳಬೇಕಿತ್ತು. ಸಅದೂನ್ ಬಾಗಿಲಾಚೆ ನಿಂತು ಕೇಳಿಸಿಕೊಂಡು ನನ್ನನ್ನು ಏನೇನು ಬೈದನೋ ಅದೆಲ್ಲ ಸರಿಯಾಗಿಯೇ ಇತ್ತು. ಫಿಲ್ವಾ ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ಗೋಡೆಗೇ ಹೇಳಿದಳು.

"ಆ ಜೀಪಲ್ಲಿ ನನ್ನ ಕಾಲೂ ಇತ್ತಲ್ಲ ತರ್ಫಾ. ಎಬ್ಬಿಸಿ ಒಂದು ಮಾತು ಕೇಳಬಹುದಿತ್ತು."

ಅವಳ ಜಾರಿದ ಹೊದಿಕೆ ಸರಿಮಾಡಲು ಕೈ ಚಾಚಿದೆ.

"ಈಗ ಹೋಗು" ಎಂದಳು.

ಅಕ್ಟೋಬರ್ 9, ಗುರುವಾರ

ಬೆಳಿಗ್ಗೆ ಗಾಳಿ: 35, 35, 35, 35. ಮುಖ್ಯೋಪಾಧ್ಯಾಯಿನಿ ಕರೆಸಿ, ಹುಷಾರಿಲ್ಲ ಎಂದು ರಜೆ ಹಾಕಿ ಸ್ವಲ್ಪ ದಿನ ಮನೆಯಲ್ಲಿರು ಎಂದರು. ಹುಷಾರಾಗಿಯೇ ಇದ್ದೇನೆ ಎಂದೆ. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ಅಬೂ ಸಯ್ಯಾಹರ ಟಯರ್ ಎಂಟು ತಿಂಗಳ ಹೊಸದು ಎಂದು ಹೇಳಿದೆ. ಯಾರೂ ತಲೆಯೆತ್ತಲಿಲ್ಲ. ಫಿಲ್ವಾ ನನ್ನ ಫೋನ್ ಎತ್ತುತ್ತಿಲ್ಲ.

ಅಥೀರ್ ನನ್ನ ಜೊತೆ ಬರುವುದನ್ನು ಬಿಡುತ್ತಾಳೆ ಎಂದುಕೊಂಡಿದ್ದೆ. ಬಂದಳು, ಆದರೆ ಮಾತಿಲ್ಲ, ಹಿಂದಿನ ಸೀಟಿನಲ್ಲಿ ಕೂತಳು. ವಾಪಸು ಬರುವಾಗ ಮರಳಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಬಾಯಿ ತೆರೆದುಕೊಂಡು, ಕಾಲು ಮಡಚಿಕೊಂಡು, ಥೇಟ್ ಫಿಲ್ವಾಳ ಹಾಗೇ ಮಲಗಿದ್ದಳು.

ಡಾಂಬರಿನ ಅಂಚಿಗೆ ನಿಲ್ಲಿಸಿ ಮಿಷನ್ ಇಳಿಸಿ ಶುರುಮಾಡಿದೆ. ಸದ್ದಿಗೆ ಧಡಕ್ಕನೆ ಎದ್ದು ಕೂತಳು.

"ಥೂ, ಏನಿದು ಟೀಚರ್, ದಿನಾ ಇದೇ ಗೋಳು. ಬೇಗ ಮುಗಿಸಿ."

"ಟಯರಿಗೆ ಕಿವಿ ಇಲ್ಲ ಮಗಳೇ" ಎಂದೆ. "ಬೇಗ ಅಂದ್ರೆ ಅದಕ್ಕೆ ಕೇಳ್ಸಲ್ಲ."

ಅವಳು ಇನ್ನೂ ಏನೇನೋ ಬೈದಳು. ನಾಲ್ಕು ಚಕ್ರ ಮುಗಿಯುವವರೆಗೂ ಬೈಯುತ್ತಲೇ ಇದ್ದಳು. ಇಪ್ಪತ್ತಾರು ನಿಮಿಷ.